ಗ್ರೀಕರ ಬಾಯಲ್ಲಿ ‘ಪ್ರಾಣಿ’ ಎನ್ನಿಸಿಕೊಂಡರೆ

ಪ್ರಶ್ನೆ: ನಾನು ಕರಾವಳಿಯವನು. ಗ್ರೀಕ್ ಮಾಲೀಕರ ಸರಕು ಹಡಗೊಂದರಲ್ಲಿ ಎಂಟು ತಿಂಗಳಿಂದ ಥರ್ಡ್ ಇಂಜಿನಿಯರ್ ಆಗಿದ್ದೇನೆ. ನಮ್ಮ ಚೀಫ್ ಇಂಜಿನಿಯರ್ ಅರವತ್ತರ ಹತ್ತಿರದ ಗ್ರೀಕರು. ಕೆಲಸದಲ್ಲಿ ತಪ್ಪಿದರೆ ‘ರೆ ವ್ಲಾಕಾ’ ಎನ್ನುತ್ತಾರೆ. ಊಟಕ್ಕೆ ಕರೆಯುವಾಗ ‘ಎಲಾ, ವ್ರೆ ಝೋಒನ್’ ಎನ್ನುತ್ತಾರೆ. ಮೊದಲನೆಯದಕ್ಕೆ ದಡ್ಡ ಎಂದೂ ಎರಡನೆಯದಕ್ಕೆ ಪ್ರಾಣಿ ಎಂದೂ ಅರ್ಥವಂತೆ. ಕಳೆದ ವಾರ ಮಾತ್ರ ‘ಕೀರಿಯೆ’ ಎಂದು ನನ್ನ ಮನೆತನದ ಹೆಸರು ಸೇರಿಸಿ ಬಲು ಮರ್ಯಾದೆಯಿಂದ ಕರೆದರು. ಗ್ರೀಕರೇ ಆದ ಸೆಕೆಂಡ್ ಇಂಜಿನಿಯರ್ ನನ್ನನ್ನು ಪಕ್ಕಕ್ಕೆ ಕರೆದು, ‘ಇವತ್ತು ಅವರ ಕಣ್ಣಿಗೆ ಬೀಳಬೇಡ’ ಎಂದರು. ಬೈಯುವಾಗ ನಗು, ಗೌರವ ಕೊಡುವಾಗ ಸಿಟ್ಟು, ಇದು ಯಾವ ರೀತಿ? ನಾನೂ ಹಾಗೆಯೇ ತಿರುಗಿ ಮಾತನಾಡಬಹುದೇ?

ಉತ್ತರ: ನಿಮ್ಮ ಸೆಕೆಂಡ್ ಇಂಜಿನಿಯರ್ ಹೇಳಿದ್ದು ಸರಿ. ನೀವು ಬರೆದ ಮೂರು ಮಾತುಗಳಲ್ಲಿ ನಿಜವಾದ ಬೈಗುಳ ‘ಕೀರಿಯೆ’ ಒಂದೇ. ಉಳಿದ ಎರಡೂ ನಿಮ್ಮನ್ನು ತಮ್ಮವರಲ್ಲಿ ಒಬ್ಬರೆಂದು ಎಣಿಸಿಕೊಂಡಿರುವ ಗುರುತು. ಗ್ರೀಕ್ ಭಾಷೆಯ ದಿನಬಳಕೆಯ ಮಾತಿನಲ್ಲಿ ಬೈಗುಳದ ತೂಕವನ್ನು ಆ ಪದದ ಅರ್ಥದಲ್ಲಿ ಹುಡುಕಿದರೆ ಸಿಗುವುದು ಕಡಿಮೆ. ಪದದ ಮುಂದೆ ಬರುವ ‘ರೆ’ ಅಥವಾ ‘ವ್ರೆ’, ಅದರ ಬೆನ್ನಿಗೆ ಅಂಟುವ, ‘ನನ್ನ’ ಎಂಬ ಅರ್ಥದ ‘ಮು’, ಕೊನೆಯಲ್ಲಿ ಸೇರುವ ಒಂದು ಪ್ರತ್ಯಯ, ಇಂಥ ಚಿಕ್ಕಪುಟ್ಟ ಚೂರುಗಳೇ ಅದು ಕುಟುಕೋ ಅಕ್ಕರೆಯೋ ಎಂಬುದನ್ನು ತೀರ್ಮಾನಿಸುತ್ತವೆ. ಆದ್ದರಿಂದ ‘ದಡ್ಡ’, ‘ಪ್ರಾಣಿ’ ಎಂಬ ಅರ್ಥಗಳನ್ನು ಒಂದು ಕಡೆಗಿಟ್ಟು, ಮೊದಲು ಆ ‘ರೆ’ಯನ್ನೇ ನೋಡೋಣ.

‘ರೆ’, ‘ವ್ರೆ’, ‘ಮೊರೇ’ ಈ ಮೂರೂ ಒಂದೇ ತಾಯಿಯ ಮಕ್ಕಳು. ಪ್ರಾಚೀನ ಗ್ರೀಕಿನಲ್ಲಿ ‘ಮೋರೊಸ್’ ಎಂದರೆ ಮೂಢ. ಅದರ ಸಂಬೋಧನಾ ರೂಪ ‘ಮೋರೆ’, ಅಂದರೆ ‘ಎಲೋ ಮೂಢಾ’. ಅದೇ ಸವೆದು ಇಂದಿನ ‘ಮೊರೇ’ ಆಯಿತು, ಇನ್ನಷ್ಟು ಸವೆದು ‘ವ್ರೆ’ ಮತ್ತು ‘ರೆ’ ಆಯಿತು. ಒಂದು ಕಾಲಕ್ಕೆ ಈ ಪದ ಎಷ್ಟು ಕಟುವಾಗಿತ್ತೆಂಬುದಕ್ಕೆ ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲೇ ಸಾಕ್ಷಿಯಿದೆ: ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದ 22ನೇ ವಚನದಲ್ಲಿ, ಸಹೋದರನನ್ನು ‘ಮೋರೆ’ ಎಂದವನು ನರಕದ ಬೆಂಕಿಗೆ ಗುರಿಯಾಗುತ್ತಾನೆಂದು ಯೇಸು ಎಚ್ಚರಿಸುತ್ತಾನೆ. ಸುವಾರ್ತೆಯನ್ನು ಪ್ರತಿ ಭಾನುವಾರ ಮೂಲಭಾಷೆಯಲ್ಲೇ ಕೇಳುವ ಜನ ಚರ್ಚಿನ ಮೆಟ್ಟಿಲಿಳಿಯುತ್ತಲೇ ‘ಎಲ್ಲಿಗೆ ಹೊರಟೆ, ಮೊರೇ?’ ಎಂದು ಒಬ್ಬರನ್ನೊಬ್ಬರು ಮಾತನಾಡಿಸುತ್ತಾರೆ, ಮತ್ತು ಅದರಲ್ಲಿ ಯಾರಿಗೂ ಪಾಪ ಕಾಣುವುದಿಲ್ಲ. ಅಮೆರಿಕದ ಮನೋವಿಜ್ಞಾನಿ ಹೆನ್ರಿ ಗೊಡಾರ್ಡ್ 1910ರಲ್ಲಿ ಬುದ್ಧಿಮಾಂದ್ಯವನ್ನು ವರ್ಗೀಕರಿಸುವಾಗ ಇದೇ ಬೇರಿನಿಂದ ‘ಮೊರಾನ್’ ಎಂಬ ಪದವನ್ನು ಕಟ್ಟಿದ. ಇಂಗ್ಲಿಷಿನಲ್ಲಿ ಅದು ಇಂದಿಗೂ ಚುಚ್ಚುತ್ತದೆ. ಹುಟ್ಟಿದ ಮನೆಯಲ್ಲಿ ಮಾತ್ರ ಅದೇ ಬೇರಿನ ಪದ ಉಸಿರಿನಷ್ಟು ಹಗುರವಾಗಿದೆ. ಗ್ರೀಸಿನ ಗಡಿ ದಾಟಿ ಅದು ತುರ್ಕಿ, ಸರ್ಬಿಯನ್, ರೊಮೇನಿಯನ್ ಭಾಷೆಗಳಲ್ಲೂ ‘ಬ್ರೆ’ ಎಂಬ ರೂಪದಲ್ಲಿ ಓಡಾಡುತ್ತಿದೆ.

ಕನ್ನಡಿಗರಿಗೆ ಇದರ ಸ್ವಭಾವ ತಿಳಿಯುವುದು ಕಷ್ಟವಲ್ಲ, ಏಕೆಂದರೆ ನಮ್ಮ ‘ಲೋ’, ‘ಲೇ’, ‘ಕಣೋ’ಗಳು ಮಾಡುವ ಕೆಲಸ ಇದಕ್ಕೆ ಬಹಳ ಹತ್ತಿರ. ಬಳಕೆಯ ನಿಯಮವೂ ವಯಸ್ಸಿಗಿಂತ ಸಲುಗೆಯನ್ನೇ ಹೆಚ್ಚು ನೆಚ್ಚಿದೆ: ಗ್ರೀಕ್ ಮಕ್ಕಳು ಹೆತ್ತವರನ್ನೇ ‘ರೆ ಮಮಾ’, ‘ರೆ ಬಬಾ’ ಎನ್ನುತ್ತಾರೆ, ನಮ್ಮ ಮನೆಗಳಲ್ಲಿ ಮಕ್ಕಳು ‘ಬಾರೇ ಅಮ್ಮಾ’ ಎನ್ನುವ ಹಾಗೆ. ಆದರೆ ಅದೇ ಮಗು ಶಾಲೆಯ ಮೇಷ್ಟರ ಎದುರು ‘ರೆ’ ಎಂದರೆ ಅದು ಉದ್ಧಟತನ. ‘ವ್ರೆ’ ಎಂಬುದು ‘ರೆ’ಗಿಂತ ತುಸು ಮೆದು ಮತ್ತು ತುಸು ಹಳೆಯ ಕಾಲದ್ದು, ಅಜ್ಜಂದಿರ ಬಾಯಲ್ಲಿ ಹೆಚ್ಚು ಕೇಳಿಬರುತ್ತದೆ. ಇದೇ ಕುಟುಂಬದ ‘ಮೊರೀ’ ಹೆಂಗಸರನ್ನು ಕರೆಯುವ ರೂಪ. ಗೆಳತಿಯರು ತಮ್ಮತಮ್ಮಲ್ಲಿ ನಗುತ್ತಾ ಬಳಸುವುದುಂಟಾದರೂ, ಗಂಡಸಿನ ಬಾಯಲ್ಲಿ, ಅದರಲ್ಲೂ ಪರದೇಶದವನ ಬಾಯಲ್ಲಿ, ಅದು ಒರಟೇ ಸರಿ. ಅದನ್ನು ನೀವು ಕಲಿಯದಿದ್ದರೆ ನಷ್ಟವೇನೂ ಇಲ್ಲ.

ಈಗ ನಿಮ್ಮ ‘ವ್ಲಾಕಾ’ಕ್ಕೆ ಬರೋಣ. ಪದದ ಮೂಲರೂಪ ‘ವ್ಲಾಕಾಸ್’. ಗ್ರೀಕಿನಲ್ಲಿ ನಮ್ಮಂತೆಯೇ ಸಂಬೋಧನಾ ವಿಭಕ್ತಿ ಜೀವಂತವಾಗಿರುವುದರಿಂದ, ಎದುರಿಗಿರುವವನನ್ನು ಕರೆಯುವಾಗ ಕೊನೆಯ ‘ಸ್’ ಉದುರಿ ‘ವ್ಲಾಕಾ’ ಆಗುತ್ತದೆ. ಮೂಲದಲ್ಲಿ ಇದರ ಅರ್ಥ ಜಡ, ಆಲಸಿ ಎಂದು, ಈಗ ದಡ್ಡ. ‘ರೆ’ ಇಲ್ಲದೆ, ಗಟ್ಟಿ ದನಿಯಲ್ಲಿ, ‘ನೀನೊಬ್ಬ ವ್ಲಾಕಾಸ್’ ಎಂದು ಪೂರ್ತಿ ವಾಕ್ಯವಾಗಿ ಬಂದರೆ ಅದು ತೀರ್ಪು, ಮತ್ತು ಅದು ನೋಯಿಸುತ್ತದೆ. ‘ರೆ ವ್ಲಾಕಾ’ ಎಂದು ಉಸಿರಿನ ಜೊತೆ ಜಾರಿಬಂದರೆ ‘ಅಯ್ಯೋ ಪೆದ್ದೇ’ ಎಂಬಷ್ಟೇ ಆಗುತ್ತದೆ. ಇದಕ್ಕಿಂತಲೂ ಮೆದುವಾದದ್ದು ‘ಹಝೋಸ್’. ಅದಕ್ಕೆ ಅಕ್ಕರೆಯ ಪ್ರತ್ಯಯ ಸೇರಿದರೆ ಹುಡುಗನಿಗೆ ‘ಹಝೂಲಿಸ್’, ಹುಡುಗಿಗೆ ‘ಹಝೂಲಾ’ ಎಂದಾಗಿ, ಪ್ರೇಮಿಗಳು ಪಿಸುಗುಟ್ಟುವ ಮಾತಾಗಿಬಿಡುತ್ತದೆ.

‘ಝೋಒನ್’ ವಿಷಯ ಇದಕ್ಕಿಂತ ಸ್ವಾರಸ್ಯದ್ದು. ಇಂದಿನ ಆಡುಗ್ರೀಕಿನಲ್ಲಿ ಪ್ರಾಣಿಗೆ ‘ಝೋಒ’ ಎಂದರೆ ಸಾಕು. ಕೊನೆಯ ‘ನ್’ ಹಳೆಯ ಗ್ರಾಂಥಿಕ ರೂಪದ್ದು. ಕಥರೆವೂಸಾ ಎಂಬ, ಪ್ರಾಚೀನ ಗ್ರೀಕನ್ನು ಅನುಕರಿಸಿ ಕಟ್ಟಿದ ಗ್ರಾಂಥಿಕ ಶೈಲಿ 1976ರವರೆಗೂ ಶಾಲೆ ಮತ್ತು ಸರಕಾರದ ಭಾಷೆಯಾಗಿತ್ತು. ಆ ವರ್ಷದ ಕಾನೂನು ಅದರ ಜಾಗಕ್ಕೆ ಜನರ ಆಡುನುಡಿಯನ್ನು ತಂದಿತು. ಹೋದ ಶೈಲಿಯ ಅಲ್ಲೊಂದು ಇಲ್ಲೊಂದು ಚೂರು ಮಾತ್ರ ತಮಾಷೆಗಾಗಿ ಉಳಿದುಕೊಂಡಿದೆ. ಯಾರನ್ನಾದರೂ ‘ಝೋಒನ್’ ಎಂದು ಆ ‘ನ್’ ಸಮೇತ ಬೈಯುವುದೆಂದರೆ, ಗೆಳೆಯನ ಬೆನ್ನಿಗೆ ಗುದ್ದುತ್ತಾ ‘ಎಲೈ ಪಶುವೇ’ ಎಂದು ಯಕ್ಷಗಾನದ ಧಾಟಿಯಲ್ಲಿ ಹೇಳಿದಂತೆ. ಕರಾವಳಿಯವರಾದ ನಿಮಗೆ ಇದನ್ನು ಇನ್ನೂ ಬಿಡಿಸಿ ಹೇಳಬೇಕಾಗಿಲ್ಲ. ಊಟಕ್ಕೆ ಕರೆಯುವಾಗ ಈ ಪದ ಬರುತ್ತಿದೆಯೆಂದರೆ ನಿಮ್ಮ ಚೀಫ್ ಆ ಹೊತ್ತಿನಲ್ಲಿ ಒಳ್ಳೆಯ ಮನಸ್ಥಿತಿಯಲ್ಲಿದ್ದಾರೆಂದು ತಿಳಿಯಿರಿ.

ಪ್ರಾಣಿಗಳ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಒಂದೇ ಪ್ರಾಣಿ ಎರಡು ಭಾಷೆಗಳಲ್ಲಿ ಒಂದೇ ಬೈಗುಳವಾಗುವುದಿಲ್ಲ. ನಮ್ಮಲ್ಲಿ ಕತ್ತೆ ಎಂದರೆ ದಡ್ಡ. ಗ್ರೀಕರಿಗೆ ‘ಗಾಯ್ದರೋಸ್’, ಅಂದರೆ ಕತ್ತೆ, ರೀತಿನೀತಿ ಇಲ್ಲದವನು, ಉಂಡ ಮನೆಯನ್ನು ನೆನೆಯದವನು. ಮೀಸೆ ಬಂದ ಮೇಲೂ ಅಮ್ಮನ ಕೈಯಲ್ಲಿ ಬಟ್ಟೆ ಒಗೆಸಿಕೊಳ್ಳುವ ಮಗನನ್ನು ಅಲ್ಲಿಯ ತಾಯಂದಿರು ‘ಇಡೀ ಕತ್ತೆಯಾಗಿದ್ದೀಯಲ್ಲೋ’ ಎನ್ನುತ್ತಾರೆ. ಆಕ್ಷೇಪ ಅವನ ಬುದ್ಧಿಯ ಮೇಲಲ್ಲ, ನಡತೆಯ ಮೇಲೆ. ದಡ್ಡತನಕ್ಕೆ ಅವರು ಗೂಬೆಯನ್ನು ಆರಿಸಿಕೊಂಡಿದ್ದಾರೆ: ‘ಬೂಫೋಸ್’ ಎಂಬ ದೊಡ್ಡ ಕೊಂಬಿನ ಗೂಬೆ. ಅಥೀನಾ ದೇವತೆಯ ಜೊತೆಗಿದ್ದು ಜ್ಞಾನದ ಸಂಕೇತವಾದ, ಪ್ರಾಚೀನ ಅಥೆನ್ಸಿನ ನಾಣ್ಯಗಳ ಮೇಲೆ ಅಚ್ಚಾದ ಪುಟ್ಟ ಗೂಬೆಗೆ ಬೇರೆಯೇ ಹೆಸರು, ‘ಕುಕುವಾಯಾ’. ಗೂಬೆಗಳಲ್ಲಿ ಸಣ್ಣದು ಪಂಡಿತ, ದೊಡ್ಡದು ಪೆದ್ದ ಎಂಬ ಈ ಏರ್ಪಾಡಿಗೆ ಕಾರಣ ಕೇಳಬೇಡಿ. ಬೈಗುಳದ ನಡುವೆ ಯಾರಾದರೂ ತಮ್ಮ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಿದರೆ ‘ಕತ್ತೆ ಹೋಗಿ ಹುಂಜವನ್ನು ದೊಡ್ಡತಲೆಯವನೇ ಅಂದಿತು’ ಎಂಬ ಗಾದೆ ಸಿದ್ಧವಾಗಿರುತ್ತದೆ.

ದಡ್ಡನನ್ನು ನಿರ್ಜೀವ ವಸ್ತುಗಳಿಗೆ ಹೋಲಿಸುವುದರಲ್ಲಿ ಗ್ರೀಕರ ಕೈ ಧಾರಾಳ. ಇಟ್ಟಿಗೆ ಅಂದರೆ ‘ತೂವ್ಲೊ’, ಮರದ ಕೊರಡು ಅಂದರೆ ‘ಕೂತ್ಸುರೊ’, ಗೋಡೆ ಅಂದರೆ ‘ದುವಾರಿ’, ಇವೆಲ್ಲ ಪಾಠ ತಲೆಗೆ ಹತ್ತದ ಹುಡುಗನ ಹೆಸರುಗಳು. ಕೆಲಸಕ್ಕೆ ಬಾರದವನು ‘ದೆನೆಕೆಸ್ ಕ್ಸೆಗಾನೊತೊಸ್’, ಅಂದರೆ ಕಲಾಯಿ ಹೋದ ತಗಡು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸಿದ ನೆನಪಿರುವವರಿಗೆ ಈ ಬೈಗುಳದ ರುಚಿ ತಕ್ಷಣ ಹತ್ತುತ್ತದೆ.

ಈ ಪಟ್ಟಿಯ ‘ದುವಾರಿ’ ನಿಮಗೆ ಕೇಳಿದ ಪದದಂತೆ ತೋರಿದ್ದರೆ ಅದಕ್ಕೆ ಕಾರಣವಿದೆ. ಅದು ಹಿಂದಿಯವರ ‘ದೀವಾರ್’ ಪದವೇ. ಪಾರಸಿಯಿಂದ ತುರ್ಕಿಗೆ, ಅಲ್ಲಿಂದ ಗ್ರೀಕಿಗೆ ಹೋಗಿದೆ. ಗ್ರೀಕರು ನೂರಾರು ವರ್ಷ ಒಟ್ಟೊಮನ್ ತುರ್ಕರ ಆಳ್ವಿಕೆಯಲ್ಲಿದ್ದವರು. 1821ರಲ್ಲಿ ಸ್ವಾತಂತ್ರ್ಯ ಸಮರ ಹೂಡಿ ಹೊರಬಂದರು. ಪಂಡಿತರು ಬಳಿಕ ಭಾಷೆಯಿಂದ ತುರ್ಕಿ ಪದಗಳನ್ನು ಹೆಕ್ಕಿ ಹೊರಹಾಕಲು ಬಹಳ ಶ್ರಮಪಟ್ಟರೂ, ಅಡುಗೆಮನೆಯಲ್ಲಿ ಮತ್ತು ಬೈಗುಳದಲ್ಲಿ ಅವರ ಆಟ ನಡೆಯಲಿಲ್ಲ. ‘ಹೈವಾನಿ’ ಎಂದರೆ ಏನೂ ತಿಳಿಯದ ಮುಗ್ಧ. ಮೂಲ ಅರಬ್ಬಿಯ ‘ಹೈವಾನ್’, ಪ್ರಾಣಿ. ‘ಅಹ್ಮಾಕಿಸ್’ ಎಂದರೆ ಮಂದಬುದ್ಧಿ. ಅದು ಅರಬ್ಬಿಯ ‘ಅಹ್ಮಕ್’. ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ‘ತೆಂಬೆಲ್ಹನಾಸ್’: ಪಾರಸಿಯ ‘ತಂಬಲ್’ ಎಂದರೆ ಸೋಮಾರಿ, ಅದಕ್ಕೆ ಸೇರಿದ್ದು ನಮ್ಮ ಕಾರ್ಖಾನೆ, ದವಾಖಾನೆಗಳಲ್ಲಿರುವ ಅದೇ ‘ಖಾನೆ’. ಸೋಮಾರಿಗಳ ಮನೆ ಎಂಬ ಅರ್ಥದ ತುರ್ಕಿ ಪದ ಗ್ರೀಕಿಗೆ ಬಂದು ಒಬ್ಬನೇ ಮಹಾಸೋಮಾರಿಯ ಬಿರುದಾಯಿತು. ಬಹಮನಿ ಮತ್ತು ಆದಿಲ್‌ಶಾಹಿ ದರಬಾರುಗಳ ಪಾರಸಿ ಇತ್ತ ಕಲಬುರಗಿ, ವಿಜಯಪುರಗಳ ಮಾತಿಗೆ ತುಂಬಿದ ಸರಕು, ಅತ್ತ ಇಸ್ತಾಂಬುಲ್ ಮಾರ್ಗವಾಗಿ ಏಜಿಯನ್ ಸಮುದ್ರದ ದ್ವೀಪಗಳಿಗೂ ಇಳಿದಿದೆ. ನಿಮ್ಮ ಹಡಗಿನಲ್ಲಿ ಉತ್ತರ ಭಾರತದ ಸಹೋದ್ಯೋಗಿಗಳಿದ್ದರೆ, ಗ್ರೀಕ್ ಬೈಗುಳಗಳಲ್ಲಿ ಅವರಿಗೆ ಮೊದಲು ಅರ್ಥವಾಗುವವು ಇವೇ.

ಅಕ್ಕರೆ ಹೆಚ್ಚಿದಂತೆ ವ್ಯಾಕರಣವೂ ಬದಲಾಗುವುದನ್ನು ನೀವು ಗಮನಿಸಬಹುದು. ಗ್ರೀಕಿನಲ್ಲಿ ಮುದ್ದಿನ ರೂಪಗಳು ಬಹುಪಾಲು ನಪುಂಸಕಲಿಂಗಕ್ಕೆ ಜಾರುತ್ತವೆ. ‘ಹಝೋ ಮು’ ಎಂದರೆ ‘ನನ್ನ ಪೆದ್ದೇ’. ಗಂಡೋ ಹೆಣ್ಣೋ ಎಂಬ ಭೇದ ಅಲ್ಲಿಲ್ಲ, ‘ಮು’ ಎಂಬುದು ‘ನನ್ನ’. ನಾವು ಮುದ್ದಿನ ಮಗುವನ್ನು ‘ಬಂತು ನೋಡು’ ಎನ್ನುವುದೂ, ಸಲುಗೆಯಿಂದ ‘ಮುಂಡೇದು’ ಎಂದು ಬೈಯುವುದೂ ಇದೇ ಲಿಂಗದಲ್ಲಿ. ‘ಪಲ್ಯೊ’ ಎಂಬ ಇನ್ನೊಂದು ಪೂರ್ವಪದವಿದೆ: ಅದರ ಅರ್ಥ ‘ಹಳೆಯ’, ಆದರೆ ಮನುಷ್ಯರಿಗೆ ಅಂಟಿದಾಗ ‘ಕೆಟ್ಟ’, ‘ಪೋಲಿ’. ‘ಪಲ್ಯೋಪೆದೊ’ ಎಂದರೆ ಪೋಲಿ ಹುಡುಗ. ನಾನು ಗ್ರೀಸಿನ ಥೆಸಲೊನೀಕಿ ನಗರದಲ್ಲಿ ಓದುತ್ತಿದ್ದಾಗ ಮನೆಯೊಡತಿಯಾಗಿದ್ದ ಅಜ್ಜಿ, ನಾನು ಊಟ ಬಿಟ್ಟು ಓದುತ್ತಾ ಕೂತರೆ ಬಾಗಿಲಿಗೆ ಬಂದು ‘ವ್ರೆ ಪಲ್ಯೋಪೆದೊ’ ಎಂದು ಸಿಡುಕಿ, ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿ ಹೋಗುತ್ತಿದ್ದರು. ಮೊದಲ ತಿಂಗಳು ನಾನು ಇದನ್ನು ಬಾಡಿಗೆ ತಡವಾದದ್ದಕ್ಕೆ ತೋರಿದ ಸಿಟ್ಟೆಂದೇ ನಂಬಿದ್ದೆ.

ಇನ್ನೊಂದು ಬಗೆಯ ಬೈಗುಳವೂ ಉಂಟು. ಅದು ಬೈಗುಳದ ವೇಷ ತೊಟ್ಟ ಹೊಗಳಿಕೆ. ಯಾರಾದರೂ ಮನಮುಟ್ಟುವಂತೆ ಹಾಡಿದರೆ ಕೇಳುಗರು ‘ಎಷ್ಟು ಚೆನ್ನಾಗಿ ಹಾಡುತ್ತಾನೆ, ಆತಿಮೊಸ್!’ ಎಂದು ಉದ್ಗರಿಸುತ್ತಾರೆ. ‘ಆತಿಮೊಸ್’ ಎಂದರೆ ಮಾನವಿಲ್ಲದವನು. ಸಾಹಸ ಮಾಡಿ ಗೆದ್ದವನು ‘ಅಥೆಓಫೊವೊಸ್’, ದೇವರಿಗೂ ಹೆದರದವನು. ಚತುರನಾದ ಚೇಷ್ಟೆಗಾರ ‘ದಿಯಾವೋಲು ಕಾಲ್ತ್ಸಾ’, ಅಕ್ಷರಶಃ ಸೈತಾನನ ಕಾಲುಚೀಲ. ನೇರವಾಗಿ ಹೊಗಳಿದರೆ ದೃಷ್ಟಿಯಾಗುತ್ತದೆಂಬ ಅಂಜಿಕೆ ಈ ರೂಢಿಯ ಹಿಂದೆ ಇದೆಯೆಂದು ನನ್ನ ಅನಿಸಿಕೆ. ಗ್ರೀಕರಲ್ಲಿ ಕಣ್ಣುಬೀಳುವುದಕ್ಕೆ ‘ಮಾತಿ’ ಎಂಬ ಹೆಸರಿದ್ದು, ಚೆಂದದ ಮಗುವನ್ನು ಕಂಡವರು ‘ಫ್ತು ಫ್ತು ಫ್ತು’ ಎಂದು ಮೂರು ಸಲ ಉಗುಳಿದಂತೆ ಮಾಡುತ್ತಾರೆ. ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟು ಬೆಳೆದ ನಮಗೆ, ಹೊಗಳಿಕೆಯ ಮೇಲೂ ಅಂಥದೊಂದು ಬೊಟ್ಟು ಇಡುವುದು ವಿಚಿತ್ರವಾಗಿ ಕಾಣಬೇಕಿಲ್ಲ.

ನೀವು ಪ್ರಶ್ನೆಯಲ್ಲಿ ಹೇಳದಿದ್ದರೂ ಎಂಟು ತಿಂಗಳಲ್ಲಿ ಎಂಟು ಸಾವಿರ ಸಲ ಕೇಳಿರಬಹುದಾದ ಪದ ‘ಮಲಾಕಾ’. ಪ್ರಾಚೀನ ‘ಮಲಕೊಸ್’ ಎಂದರೆ ಮೆತ್ತಗಿನದು. ಅದರಿಂದ ಹುಟ್ಟಿದ ಇಂದಿನ ಪದ ಹಸ್ತಮೈಥುನದಲ್ಲಿ ಮುಳುಗಿದವನು ಎಂಬ ಅರ್ಥವನ್ನು ಹೊತ್ತು, ಹಾಗೆ ಮಾಡಿದವನ ಬುದ್ಧಿ ಮೆತ್ತಗಾಗುತ್ತದೆಂಬ ಹಳೆಯ ನಂಬಿಕೆಯ ನೆರಳಿನಲ್ಲಿ ‘ಮೂರ್ಖ’ ಎಂಬಲ್ಲಿಗೆ ಬಂದು ನಿಂತಿದೆ. ತರುಣರ ನಡುವೆ ಅದು ಈಗ ಅಲ್ಪವಿರಾಮದ ಹಾಗೆ; ಗೆಳೆಯ ಎಂಬುದಕ್ಕೂ ಅದೇ, ‘ಅಬ್ಬಬ್ಬಾ’ ಎನ್ನುವುದಕ್ಕೂ ‘ಮಲಾಕಾ ಮು’ ಎಂದು ಅದೇ. ಆದರೆ ಇದು ಹಗುರವಾದದ್ದು ಸಮವಯಸ್ಕರ ಒಳಗೆ ಮಾತ್ರ. ರಸ್ತೆಯಲ್ಲಿ ಅಪರಿಚಿತ ಚಾಲಕನಿಗೆ ಇದೇ ಪದ ಕೂಗಿದರೆ ಕಾರಿನ ಬಾಗಿಲು ತೆರೆಯುತ್ತದೆ. ಪರದೇಶಿಗಳು ಗ್ರೀಕಿನಲ್ಲಿ ಮೊದಲು ಕಲಿಯುವುದೂ ಇದನ್ನೇ, ತಪ್ಪಾಗಿ ಬಳಸುವುದೂ ಇದನ್ನೇ. ನಿಮ್ಮ ಹಡಗಿನಲ್ಲಿ ಫಿಲಿಪೈನ್ಸಿನವರಿದ್ದರೆ ಒಂದು ಸಣ್ಣ ಗೊಂದಲಕ್ಕೂ ಅವಕಾಶವಿದೆ: ಅವರ ತಗಲಾಗ್ ಭಾಷೆಯಲ್ಲಿ ‘ಮಲಕಾಸ್’ ಎಂದರೆ ಬಲಶಾಲಿ.

ಹಾಗಾದರೆ ‘ಕೀರಿಯೆ’ ಏಕೆ ಕೆಟ್ಟದ್ದು? ಪದವೇನೂ ಕೆಟ್ಟದ್ದಲ್ಲ; ಬ್ಯಾಂಕಿನಲ್ಲಿ, ಕಚೇರಿಯಲ್ಲಿ, ಮೊದಲ ಭೇಟಿಯಲ್ಲಿ ‘ಶ್ರೀಮಾನ್’ ಎಂಬ ಅರ್ಥದ ಶುದ್ಧ ಗೌರವ. ಗ್ರೀಕಿನಲ್ಲೂ ನಮ್ಮ ‘ನೀನು’ ಮತ್ತು ‘ನೀವು’ಗಳಂತೆ ‘ಎಸೀ’ ಮತ್ತು ‘ಎಸೀಸ್’ ಎಂಬ ಎರಡು ರೂಪಗಳಿದ್ದು, ಅಕ್ಕರೆಯ ಬೈಗುಳ ‘ಎಸೀ’ ಇರುವ ಕಡೆ ಮಾತ್ರ ಬದುಕುತ್ತದೆ. ದಿನವೂ ‘ಎಸೀ’ ಎನ್ನುತ್ತಿದ್ದವರು ಒಂದು ದಿನ ಏಕಾಏಕಿ ಬಹುವಚನಕ್ಕೆ, ಮನೆತನದ ಹೆಸರಿಗೆ, ‘ಕೀರಿಯೆ’ಗೆ ಹತ್ತಿದರೆ ಕೊಟ್ಟ ಸಲುಗೆಯನ್ನು ಹಿಂದಕ್ಕೆ ತೆಗೆದುಕೊಂಡರೆಂದೇ ಅರ್ಥ. ಹೆಂಡತಿ ಇದ್ದಕ್ಕಿದ್ದಂತೆ ‘ತಾವು ಊಟಕ್ಕೆ ಏಳಬೇಕು’ ಎಂದರೆ ನಮ್ಮ ಕಡೆಯ ಗಂಡಸರಿಗೆ ಆಗುವ ಭಯವೇ ಇದು. ‘ಫೀಲೆ’, ಅಂದರೆ ಗೆಳೆಯಾ ಎಂಬ ಮಾತೂ ಹೀಗೆ ಎರಡು ಅಲಗಿನದು. ‘ಆಕು, ಫೀಲೆ’ ಅಥವಾ ‘ಕೇಳು, ಗೆಳೆಯಾ’ ಎಂದು ನಿಧಾನವಾಗಿ ಶುರುವಾದ ಮಾತು ಜಗಳದ ಪೀಠಿಕೆಯಾಗಿರುವುದೇ ಹೆಚ್ಚು. ‘ರೆ’ ಮತ್ತು ‘ಕೀರಿಯೆ’ ಜೊತೆಯಾಗಿ ‘ರೆ ಕೀರಿಯೆ’ ಎಂದಾದರಂತೂ ಸಲುಗೆಯೂ ಇಲ್ಲ, ಗೌರವವೂ ಇಲ್ಲ. ಅಪರಿಚಿತನ ಮೇಲೆ ತಾಳ್ಮೆ ಹರಿದದ್ದರ ಸದ್ದು ಅದು.

ಶಾಪಗಳನ್ನು ಮೆದುಮಾಡುವ ಕಲೆಯೂ ಅವರಿಗೆ ಚೆನ್ನಾಗಿ ಗೊತ್ತು. ‘ಸೈತಾನ ನಿನ್ನನ್ನು ಹೊತ್ತೊಯ್ಯಲಿ’ ಎನ್ನಬೇಕಾದಲ್ಲಿ ಅಜ್ಜಿಯರು ಸೈತಾನನನ್ನು ಕಿತ್ತು ‘ಆಶೀರ್ವಾದ ನಿನ್ನನ್ನು ಹೊತ್ತೊಯ್ಯಲಿ’ ಎನ್ನುತ್ತಾರೆ. ನಗು ತಡೆಯಲಾಗದ ಜೋಕು ಹೇಳಿದವನಿಗೆ ‘ಆಯ್ ಸ್ತೊ ಕಲೋ ಸು’, ಅಂದರೆ ‘ಒಳ್ಳೆಯ ಕಡೆಗೆ ಹೋಗತ್ತ’ ಎಂಬ ಬೈಗುಳ ಸಿಗುತ್ತದೆ. ‘ಕಾಗೆಯ ಬಳಿಗೆ ಹೋಗು’ ಎಂಬುದೂ ಉಂಟು; ಇದಕ್ಕೆ ಬಹಳ ವಯಸ್ಸಾಗಿದೆ, ಕ್ರಿಸ್ತಪೂರ್ವ 5ನೇ ಶತಮಾನದ ಅಥೆನ್ಸಿನಲ್ಲಿ ಆಡಿದ ಅರಿಸ್ಟೊಫನೀಸನ ಹಾಸ್ಯನಾಟಕಗಳ ಪಾತ್ರಗಳೂ ಒಬ್ಬರನ್ನೊಬ್ಬರು ಕಾಗೆಗಳ ಬಳಿಗೇ ಅಟ್ಟುತ್ತಾರೆ. ಆಗ ಅದು ಹೂಳುವವರಿಲ್ಲದ ಹೆಣವಾಗು ಎಂಬ ಘೋರ ಶಾಪ. ಈಗ ‘ಹೋಗಾಚೆ’ ಎಂಬುದಕ್ಕಿಂತ ತುಸು ಜಾಸ್ತಿ.

ನೀವು ತಿರುಗಿ ಹೇಳಬಹುದೇ ಎಂಬ ಪ್ರಶ್ನೆಗೆ ನನ್ನ ಉತ್ತರ: ಸೆಕೆಂಡ್ ಇಂಜಿನಿಯರರು ನಿಮ್ಮ ಓರಗೆಯವರಾಗಿದ್ದು ಅವರೇ ಮೊದಲು ಶುರುಮಾಡಿದರೆ ‘ರೆ’ ಹೇಳಿ ನೋಡಿ. ಚೀಫ್‌ಗೆ ಬೇಡ. ಅರವತ್ತರ ಗ್ರೀಕರು ಕಿರಿಯರಿಗೆ ‘ಝೋಒನ್’ ಎನ್ನುವುದು ಹಿರಿತನದ ಸವಲತ್ತು, ಅದಕ್ಕೆ ವಿನಿಮಯವಿಲ್ಲ. ಅವರು ‘ರೆ ವ್ಲಾಕಾ’ ಎಂದಾಗ ಮುಖ ಸಣ್ಣ ಮಾಡಿಕೊಳ್ಳದೆ ‘ತಿ ಏಕಾನಾ ಪಾಲಿ?’, ಅಂದರೆ ‘ಮತ್ತೆ ನಾನೇನು ಮಾಡಿದೆ?’ ಎಂದು ನಕ್ಕು ಕೇಳಿದರೆ ಆಟ ಮುಂದುವರಿಯುತ್ತದೆ. ‘ಕೀರಿಯೆ’ ಬಂದ ದಿನ ‘ಮಾಲಿಸ್ತಾ’, ಅಂದರೆ ‘ಅಪ್ಪಣೆ’ ಎಂದಷ್ಟೇ ಹೇಳಿ ಹೇಳಿದ ಕೆಲಸ ಮುಗಿಸಿ. ಮರುದಿನ ನೀವು ಪುನಃ ಪ್ರಾಣಿಯಾದರೆ ಸಿಟ್ಟು ಇಳಿದಿದೆ.

ಮಾತಿಗಿಂತ ಕೈಯ ಬಗ್ಗೆ ಇನ್ನೂ ಹುಷಾರಾಗಿರಬೇಕು. ಐದೂ ಬೆರಳು ಬಿಡಿಸಿ ಅಂಗೈಯನ್ನು ಎದುರಿನವನ ಮುಖದ ಕಡೆಗೆ ಒಡ್ಡುವುದಕ್ಕೆ ‘ಮೂಂತ್ಝಾ’ ಎಂಬ ಹೆಸರಿದೆ. ಬೈಜಾಂಟಿಯಮ್ ಕಾಲದಲ್ಲಿ, ಅಂದರೆ ಒಟ್ಟೊಮನ್ನರಿಗೂ ಹಿಂದಿನ ಸಾಮ್ರಾಜ್ಯದ ಕಾಲದಲ್ಲಿ, ಅಪರಾಧಿಗಳನ್ನು ಬೀದಿಯಲ್ಲಿ ಮೆರೆಸುವಾಗ ಮುಖಕ್ಕೆ ಮಸಿ ಬಳಿಯುತ್ತಿದ್ದುದರಿಂದ ಇದು ಬಂತೆಂದು ಹೇಳುತ್ತಾರೆ. ತಮ್ಮದೇ ತಪ್ಪಿಗೆ ತಮ್ಮ ಮುಖಕ್ಕೇ ತಾವು ತೋರಿಸಿಕೊಂಡು ನಗುವವರುಂಟು, ಆಪ್ತ ಗೆಳೆಯರೂ ಕೊಟ್ಟು ತೆಗೆದುಕೊಳ್ಳುತ್ತಾರೆ. ಉಳಿದವರಿಗೆ ಅದು ಬಾಯಿಂದ ಬರುವ ಯಾವ ಬೈಗುಳಕ್ಕೂ ಕಡಿಮೆಯಲ್ಲ. ನಮಗೋ ಆ ಮುದ್ರೆ ಅಭಯಹಸ್ತ, ‘ನಿಲ್ಲಿ’ ಎಂಬ ಸನ್ನೆ, ಇಲ್ಲವೇ ಬರೀ ಐದರ ಲೆಕ್ಕ. ಇಂಜಿನ್ ರೂಮಿನ ಗದ್ದಲದಲ್ಲಿ ಚೀಫ್ ಎಷ್ಟು ಬೋಲ್ಟ್ ಬೇಕೆಂದು ದೂರದಿಂದ ಕೇಳಿದಾಗ ಐದು ಬೇಕಿದ್ದರೆ, ಅಂಗೈಯನ್ನು ನಿಮ್ಮ ಕಡೆಗೆ ತಿರುಗಿಸಿಕೊಂಡು ತೋರಿಸಿ.